ಮೀಸೆ ಇಲ್ಲದವರಿಗೊಂದು ಪೈಪು

ನಮ್ಮ ಅತ್ತೆ ಬೀಡಿ ಸೇದುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆದು, "ದನಕ್ಕೆ ನೀರಿಟ್ಟಿದೀರೋ ಇಲ್ವೋ ನೋಡ್ಕೊಂಡ್ ಬರ್ತೀನಿ" ಎಂದು ಹಿತ್ತಲ ಬಾಗಿಲಿಂದ ಹೊರಡುತ್ತಿದ್ದರು. ದನಗಳಿಗೆ ನಾನು ನೀರಿಟ್ಟು ಆಗಲೇ ಎಷ್ಟೋ ಹೊತ್ತಾಗಿರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ರಾಗಿಹುಲ್ಲಿನ ಮೆದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಆಮೇಲೆ ಬಾಯಿ ತುಂಬ ಕುಟ್ಟಿದ ಎಲೆ ಅಡಿಕೆ ಹಾಕಿಕೊಂಡು, ಸೆರಗನ್ನು ಒಮ್ಮೆ ಕೊಡವಿಕೊಂಡು ಒಳಗೆ ಬರುತ್ತಿದ್ದರು. ನಾನು ತಲೆಯೆತ್ತದೆ ಪಾತ್ರೆ ತಿಕ್ಕುತ್ತಿದ್ದೆ.

ಬೀಡಿ ತರಿಸುವುದಕ್ಕೂ ಒಂದು ಕ್ರಮವಿತ್ತು. "ಆಳುಗಳಿಗೆ ಬೇಕಂತೆ, ಒಂದು ಕಟ್ಟು ತರ್ಸು" ಎಂದು ಮಗನಿಗೆ ಹೇಳುತ್ತಿದ್ದರು. ಮಗ, ಎಂದರೆ ನನ್ನ ಗಂಡ, "ಆಯ್ತವ್ವ" ಎಂದು ತಂದು ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ನಮ್ಮ ಹೊಲಕ್ಕೆ ಆಳು ಬರುವುದು ನಾಟಿಗೆ, ಕೊಯ್ಲಿಗೆ ಮಾತ್ರ. ಉಳಿದ ಕಾಲದಲ್ಲಿ ಯಾವ ಆಳು ಬಂದು ಅಷ್ಟೊಂದು ಬೀಡಿ ಸೇದಿ ಹೋಗುತ್ತಿದ್ದ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ದೊಡ್ಡಬೆಳವಂಗಲದ ಸುತ್ತಿನ ನಮ್ಮಂಥ ಒಕ್ಕಲು ಮನೆಗಳಲ್ಲಿ ಮಗನ ಕಣ್ಣೆದುರಿಗೆ ತಾಯಿ ಬೀಡಿ ಹಚ್ಚುವುದು ಎಂದರೆ ಊರು ನಗುವ ಮಾತು. ಮರೆಯಲ್ಲಿ ಸೇದಿದರೆ ಅದು ಸೇದಿದ ಲೆಕ್ಕವೇ ಅಲ್ಲ.

ನನಗೆ ಇಂಥದ್ದೆಲ್ಲ ಮೊದಲಿನಿಂದಲೂ ಮೈ ಉರಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವ ಬಾಯಿ ನನ್ನದು. ನಾನು ಅರಿಶಿನಕುಂಟೆಯ ಕಡೆಯವಳು. "ಹೈವೇ ಪಕ್ಕದಲ್ಲಿ ಬೆಳೆದವಳಲ್ವಾ, ಲಾರಿ ಹಾರನ್ ಥರ ಮಾತಾಡ್ತಾಳೆ" ಎಂದು ಅತ್ತೆ ನನ್ನನ್ನು ಮದುವೆಯಾಗಿ ಬಂದ ಹೊಸದರಲ್ಲೇ ಅಳೆದು ಇಟ್ಟಿದ್ದರು. ಆದರೂ ಬೀಡಿಯ ವಿಷಯದಲ್ಲಿ ಮಾತ್ರ ಈ ಹಾರನ್ನು ಬಾಯಿ ಮುಚ್ಚಿಕೊಂಡೇ ಇತ್ತು. ಅಂಗನವಾಡಿಯಲ್ಲಿ ಕೆಲಸ ಮಾಡುವ ನಾನು ಹೊಗೆಸೊಪ್ಪಿನ ಕೆಡುಕಿನ ಬಗ್ಗೆ ಗೋಡೆಗೆ ಚಿತ್ರ ಅಂಟಿಸಿ, ಹೆಂಗಸರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿ, ಮನೆಗೆ ಬಂದು ಮೆದೆಯ ಹಿಂದಿನ ಕೆಮ್ಮು ಕೇಳದವಳ ಹಾಗೆ ಇರುತ್ತಿದ್ದೆ.

ಈ ವ್ಯವಸ್ಥೆ ಕೆಟ್ಟದ್ದು ಸಕ್ಕರೆ ಕಾಯಿಲೆಯಿಂದ. ಅತ್ತೆಯ ಬೆರಳುಗಳಿಗೆ ಬರಬರುತ್ತಾ ಸ್ಪರ್ಶ ಹೋಯಿತು. ಬೀಡಿ ತುದಿಯವರೆಗೆ ಉರಿದು ಚರ್ಮ ಸುಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲ. ಯುಗಾದಿಗೆ ಮುಂಚಿನ ಒಂದು ಸಂಜೆ ಬೆರಳ ಸಂದಿಯಿಂದ ಬೀಡಿ ಜಾರಿದ್ದೇ ಗೊತ್ತಾಗದೆ ಎದ್ದು ಬಂದಿದ್ದಾರೆ. ಒಣಗಿ ನಿಂತಿದ್ದ ಮೆದೆ ಹತ್ತಿಕೊಂಡಿತು. ಬೀದಿಯವರೆಲ್ಲ ಕೊಡ, ಬಕೆಟ್ಟು ಹಿಡಿದು ಓಡಿ ಬಂದರು. ಅರ್ಧ ಮೆದೆ ಉಳಿಯಿತು, ಕೊಟ್ಟಿಗೆಗೆ ಬೆಂಕಿ ತಾಗಲಿಲ್ಲ. ನನ್ನ ಗಂಡ ಸೋಂಪುರದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವಷ್ಟರಲ್ಲಿ ಹಿತ್ತಲಲ್ಲಿ ಬರೀ ಕರಿನೀರು ಹರಿಯುತ್ತಿತ್ತು.

ಅವರು ಬೂಟು ಕೂಡ ಬಿಚ್ಚದೆ ಹಿತ್ತಲಲ್ಲಿ ನಿಂತು ಸುಟ್ಟ ಹುಲ್ಲನ್ನು ನೋಡಿದರು. ಅತ್ತೆ ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಗಂಡ ಅವರ ಕಡೆ ತಿರುಗಲಿಲ್ಲ, ಎದುರಿಗಿದ್ದ ಬೇವಿನ ಮರಕ್ಕೆ ಹೇಳುವ ಹಾಗೆ ಹೇಳಿದರು: "ಇನ್ಮೇಲೆ ಈ ಮನೇಲಿ ಒಲೆ ಹಚ್ಚೋದು ಬಿಟ್ಟು ಯಾರ ಕೈಯಲ್ಲೂ ಬೆಂಕಿಕಡ್ಡಿ ಕಾಣ್ಬಾರ್ದು. ಆಳುಗಳಿಗೂ ಬೀಡಿ ಬೇಡ. ಅಂಗ್ಡಿಗೂ ಹೇಳಿರ್ತೀನಿ." ಅಷ್ಟು ಸಿಟ್ಟಿನಲ್ಲೂ ತಾಯಿಯ ಹೆಸರೆತ್ತಲಿಲ್ಲ, ನೋಡಿ. ಮರ್ಯಾದೆ ಉಳಿಯಿತು, ಬೀಡಿ ಹೋಯಿತು.

ಮಾರನೆಯ ದಿನದಿಂದ ಅತ್ತೆಗೆ ಹಸಿವೂ ಹೋಯಿತು. ಹಟಕ್ಕೆ ಉಪವಾಸ ಕೂತಿದ್ದರೆ ನಾನು ಜಗಳ ಆಡಿ ಉಣ್ಣಿಸುತ್ತಿದ್ದೆ. ಅದು ಹಟವಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ಮುದ್ದೆ ಮುರಿಯುತ್ತಿದ್ದರು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಯಾಕೋ ಬೇಡ ಕಣೇ" ಎಂದು ತಟ್ಟೆ ಸರಿಸುತ್ತಿದ್ದರು. ಉಂಡ ಮೇಲೆ ಒಂದು ಬೀಡಿ ಉಂಟು ಎಂಬ ಆಸೆಯ ಮೇಲೆ ಅವರ ಊಟ ನಡೆದು ಬಂದಿತ್ತು, ಆ ಆಸೆ ಹೋದ ಮೇಲೆ ಊಟವೂ ಬೇಡವಾಯಿತು. ಮುದ್ದೆ ನಿಂಬೆಹಣ್ಣಿನಷ್ಟಕ್ಕೆ ಇಳಿಯಿತು. ಗಂಡ ಹಣ್ಣು ತಂದರು, ಬಿಸ್ಕತ್ತು ತಂದರು, ಹಾಲಿಗೆ ಹಾಕುವ ಪುಡಿಯ ದೊಡ್ಡ ಡಬ್ಬ ತಂದರು. ಎಲ್ಲ ನಮ್ಮ ಹೊಟ್ಟೆಗೇ ಹೋಯಿತು.

ಒಂದು ದಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮಾತ್ರೆ ನುಂಗಿ ಬಚ್ಚಲಲ್ಲಿ ಬಿದ್ದರು. ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಹೀಗೆ ಊಟ ಬಿಟ್ಟು ಮಾತ್ರೆ ತೆಗೆದುಕೊಂಡರೆ ಒಂದು ಬೆಳಿಗ್ಗೆ ಏಳುವುದೇ ಇಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಬರುವಾಗ ಆಟೋದಲ್ಲಿ ಅತ್ತೆ ನನ್ನ ಭುಜಕ್ಕೆ ಒರಗಿಕೊಂಡಿದ್ದರು, ಭಾರವೇ ಇರಲಿಲ್ಲ. ನನಗೆ ಭಯವಾಯಿತು. ನನ್ನ ಸಾರಿಗೆ ಉಪ್ಪಿಲ್ಲ, ನನ್ನ ಗುಡಿಸುವಿಕೆಗೆ ಅಂದವಿಲ್ಲ ಎಂದು ಇಷ್ಟು ವರ್ಷ ಬೈದ ಹೆಂಗಸು ಇವರು. ಆ ಬೈಗುಳವಿಲ್ಲದ ಮನೆ ನನಗೆ ಬೇಡವಾಗಿತ್ತು.

ಪೈಪು ಸಿಕ್ಕಿದ್ದು ಸೀರೆ ಹುಡುಕಲು ಹೋದಾಗ. ನನ್ನ ತಂಗಿಯ ಮಗಳ ಮದುವೆಗೆಂದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗದ ಮನೆಗಳನ್ನು ಸುತ್ತುತ್ತಿದ್ದೆ. ಒಂದು ಮನೆಯ ಕಿಟಕಿಯಲ್ಲಿ ಸಾಲಾಗಿ ಹೊಗೆ ಸೇದುವ ಮರದ ಪೈಪುಗಳು, ಗೊಂಬೆ ಹಬ್ಬಕ್ಕೆ ಕೂರಿಸಿದ ಹಾಗೆ. ಒಳಗೆ ಅರವತ್ತು ದಾಟಿದ ಒಬ್ಬರು ಲೇತ್ ಯಂತ್ರದ ಮುಂದೆ ಕೂತು ಮರ ಕಡೆಯುತ್ತಿದ್ದರು. ಮೊದಲು ಮಗ್ಗಗಳಿಗೆ ಲಾಳಿ ಮಾಡಿಕೊಡುತ್ತಿದ್ದರಂತೆ. ನೂಲು ಹೊತ್ತು ಅತ್ತಿತ್ತ ಓಡುವ ಆ ಮರದ ಲಾಳಿ ಈಗಿನ ಹೊಸ ಮಗ್ಗಗಳಿಗೆ ಬೇಡ. ಕೈ ಸುಮ್ಮನಿರದೆ ಪೈಪು ಮಾಡಲು ಹಿಡಿದರು, ಮಗಳು ಫೋನಿನಲ್ಲಿ ಫೋಟೋ ಹಾಕಿ ಮಾರುತ್ತಾಳೆ. ಇಷ್ಟನ್ನೂ ನಾನು ಕೇಳುವ ಮೊದಲೇ ಅವರೇ ಹೇಳಿದರು.

"ನಮ್ ಪೈಪು ಗೋವಾದಲ್ಲಿ ಸೇದ್ತಾರೆ, ಡಾರ್ಜಿಲಿಂಗಲ್ಲಿ ಸೇದ್ತಾರೆ. ಈ ಬೀದೀಲಿ ಮಾತ್ರ ಯಾರಿಗೂ ಬೆಲೆ ಗೊತ್ತಿಲ್ಲ" ಎಂದರು.

"ಇದರಿಂದ ಕಿಡಿ ಬೀಳುತ್ತೇನಣ್ಣ?" ಎಂದು ಕೇಳಿದೆ.

"ಕಿಡಿ ಎಲ್ಲಿಂದ ಬೀಳುತ್ತಕ್ಕ? ಬೆಂಕಿ ಈ ಸೊಪ್ಪು ತುಂಬೋ ಗುಂಡಿ ಒಳಗಿರುತ್ತೆ. ಬೇಕಂದ್ರೆ ಮೇಲೊಂದು ತೂತಿರೋ ಹಿತ್ತಾಳೆ ಮುಚ್ಚಳ ಕೂರಿಸ್ಕೊಡ್ತೀನಿ. ಕೈಯಿಂದ ಜಾರಿ ಬಿದ್ರೂ ಬೆಂಕಿ ಆಚೆ ಬರಲ್ಲ."

ನಾನು ಸೀರೆ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಿಡಿ ಬೀಳದಿದ್ದರೆ ಮೆದೆ ಸುಡುವುದಿಲ್ಲ. ಮೆದೆ ಸುಡದಿದ್ದರೆ ಗಂಡನಿಗೆ ಹೇಳಲು ಏನುಳಿಯಿತು? ಹೊಗೆ ಒಳ್ಳೆಯದಲ್ಲ ಎಂದು ನನಗೂ ಗೊತ್ತು, ಗೋಡೆಗೆ ಚಿತ್ರ ಅಂಟಿಸಿದವಳೇ ನಾನು. ಆದರೆ ಆ ವಯಸ್ಸಿನಲ್ಲಿ ಅವರನ್ನು ಹೊಗೆ ಕೊಲ್ಲುವುದಕ್ಕೆ ಮೊದಲು ಹಸಿವು ಕೊಲ್ಲುತ್ತಿತ್ತು.

"ಯಾರಿಗಕ್ಕ?" ಎಂದು ಅವರು ಕೇಳಿದರು. ಇಲ್ಲಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ನನ್ನ ಬಾಯಿ ಕೈಕೊಟ್ಟಿತು. ಗುರುತಿಲ್ಲದ ಗಂಡಸಿನ ಮುಂದೆ ನಮ್ಮತ್ತೆ ಸೇದುತ್ತಾರೆ ಎಂದು ಹೇಳುವುದು ಹೇಗೆ? "ನಮ್ಮ ಮಾವನವರಿಗೆ" ಎಂದೆ.

"ಮೀಸೆ ಇದೆಯಾ?"

ಮಾವನವರು ತೀರಿಹೋಗಿ ಬಹಳ ವರ್ಷವಾಗಿದೆ. ನಡುಮನೆಯ ಗೋಡೆಯ ಮೇಲಿರುವ ಅವರ ಫೋಟೋ ನೆನಪು ಮಾಡಿಕೊಂಡು, "ಹೂಂ, ದೊಡ್ಡ ಮೀಸೆ" ಎಂದೆ.

"ಹಂಗಾದ್ರೆ ಕೊಳವೆ ಉದ್ದ ಬೇಕು, ಇಲ್ದಿದ್ರೆ ಮೀಸೆ ಸುಡುತ್ತೆ. ಹಲ್ಲು?"

"ಗಟ್ಟಿಯಾಗಿವೆ. ಕಬ್ಬು ಸಿಗೀತಾರೆ." ಒಮ್ಮೆ ಶುರುವಾದ ಸುಳ್ಳು ಬಾಯಿಂದ ತಾನೇ ಬರುತ್ತದೆ. ಕೈ ದೊಡ್ಡದೋ ಚಿಕ್ಕದೋ ಎಂದರು, ನೇಗಿಲು ಹಿಡಿದ ಕೈ ಎಂದೆ. ಅವರು ಬಹಳ ಖುಷಿಯಾಗಿ ಹುಣಸೆ ಬೇರಿನ ದೊಡ್ಡ ಗಂಟೊಂದನ್ನು ಎತ್ತಿ ತೋರಿಸಿ, "ಅವರ ಗತ್ತಿಗೆ ಇದೇ ಸರಿ" ಎಂದರು.

ಪೈಪು ಮಾಡಿ ಕೊಟ್ಟಾಗ ನಿಜಕ್ಕೂ ಕಣ್ಣು ತುಂಬಿತು. ಹುಣಸೆ ಬೇರಿನ ಕಂದು ಬಣ್ಣದ ಮೇಲೆ ಕಪ್ಪು ಗೆರೆಗಳು ಸುಳಿಸುಳಿಯಾಗಿ ಸುತ್ತಿದ್ದವು. ಬಾಯಿಗಿಡುವ ಕೊಳವೆ ಎಮ್ಮೆ ಕೊಂಬಿನದು, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಬ್ಯಾಗಿನೊಳಗೆ ಕೈ ಹಾಕಿ ಹಾಕಿ ಸವರಿಕೊಂಡು ಬಂದೆ.

ಕೊಡುವುದು ಹೇಗೆ ಎಂಬ ಚಿಂತೆ ಮನೆಗೆ ಬಂದ ಮೇಲೆ ಹತ್ತಿತು. ಸೊಸೆ ಅತ್ತೆಯ ಕೈಗೆ ಪೈಪು ಕೊಟ್ಟು "ಸೇದಿ" ಎನ್ನುವುದುಂಟೇ? ಅವರ ಎಲೆ ಅಡಿಕೆ ಚೀಲದೊಳಗೆ ಅದನ್ನು ತುರುಕಿ ಸುಮ್ಮನಾದೆ. ಮಾರನೆಯ ದಿನ ಅದು ನನ್ನ ರಾಗಿ ಹಿಟ್ಟಿನ ಡಬ್ಬದಲ್ಲಿತ್ತು. ಒರೆಸಿ ಮತ್ತೆ ಚೀಲಕ್ಕೆ ಹಾಕಿದೆ. ಮತ್ತೆ ಡಬ್ಬಕ್ಕೆ ಬಂತು. ಹೀಗೆ ಅದು ಆ ಕಡೆ ಈ ಕಡೆ ಓಡಾಡಿತು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ನನ್ನ ತಾಳ್ಮೆ ಕೆಟ್ಟಿತು. ಗಂಡ ಕೆಲಸಕ್ಕೆ ಹೋಗಿದ್ದರು. ಪೈಪನ್ನು ಹಿಟ್ಟಿನ ಸಮೇತ ಅತ್ತೆಯ ಮುಂದೆ ಇಟ್ಟು, "ಇಷ್ಟ ಇಲ್ದಿದ್ರೆ ಇಲ್ಲ ಅಂತ ಬಾಯ್ಬಿಟ್ಟು ಹೇಳಿ ಅತ್ತೆ. ನನ್ನ ಹಿಟ್ಟು ಯಾಕೆ ಹಾಳು ಮಾಡ್ತೀರ?" ಎಂದೆ.

ಅತ್ತೆ ಹಿತ್ತಲ ಕಡೆ ನೋಡಿದರು, ಬೀದಿ ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಇದು ಹಲ್ಲಿರೋರ್ಗೆ ಮಾಡಿರೋದು ಕಣೇ. ನನ್ ವಸಡಲ್ಲಿ ನಿಲ್ಲಲ್ಲ, ಜಾರುತ್ತೆ. ಕೈಯಲ್ಲಿ ಹಿಡಿಯಣ ಅಂದ್ರೆ ಒನಕೆ ಹಂಗೆ ಭಾರ" ಎಂದರು. ಎಂದರೆ ಬಾಯಿಗಿಟ್ಟು ನೋಡಿದ್ದಾರೆ. ಇಷ್ಟು ವರ್ಷದಲ್ಲಿ ಆ ವಿಷಯ ಅವರ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಯಾರಿಗೆ ಅಂತ ಹೇಳಿ ಮಾಡಿಸ್ದೆ?"

"ಮಾವನವರಿಗೆ ಅಂತ."

"ಯಾವ್ ಮಾವ?"

"ನಿಮ್ಮ ಯಜಮಾನ್ರಿಗೇ. ಮೀಸೆ ಸುಡಬಾರ್ದು ಅಂತ ಕೊಳವೆ ಉದ್ದ ಇಟ್ಟಿದಾರೆ."

ಅತ್ತೆ ಗೋಡೆಯ ಮೇಲಿನ ಫೋಟೋ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಶುರುವಾಯಿತು ನೋಡಿ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಅಯ್ಯೋ ನಿನ್ ಬಾಯಿಗೆ ಮಣ್ಣಾಕ. ಬೀಡಿ ಹೊಗೆ ಕಂಡ್ರೆ ಮೂಗು ಮುಚ್ಕೊಳ್ಳೋ ಮನುಷ್ಯ ಕಣೇ ಅದು. ಸತ್ತ ಮೇಲೆ ಅವರ ಬಾಯಿಗೆ ಪೈಪು ಇಟ್ಬಿಟ್ಯಲ್ಲೇ." ನನಗೂ ನಗು ತಡೆಯಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕೂತು ಹಾಗೆ ನಕ್ಕದ್ದು ಆ ಮನೆಯಲ್ಲಿ ಅದಕ್ಕೆ ಮುಂಚೆ ನಡೆದಿರಲಿಲ್ಲ.

ಪೈಪು ತೆಗೆದುಕೊಂಡು ಮತ್ತೆ ಲಾಳಿಯವರ ಹತ್ತಿರ ಹೋದೆ. ಮಾವನವರಿಗಲ್ಲ, ನಮ್ಮ ಅತ್ತೆಗೆ, ಹಲ್ಲು ಒಂದೂ ಇಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ಯಂತ್ರ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಮತ್ತೆ ಕಬ್ಬು ಸಿಗೀತಾರೆ ಅಂದ್ರಿ?"

"ನಾಚಿಕೆ ಆಯ್ತಣ್ಣ."

"ನಿಮ್ ನಾಚಿಕೆಗೆ ನನ್ ಹುಣಸೆ ಗಂಟು ಹೋಯ್ತಲ್ಲಕ್ಕ. ಅಂಥದ್ದು ಇನ್ನೊಂದು ಸಿಗಬೇಕಂದ್ರೆ ಎಷ್ಟು ಅಲೀಬೇಕು ಗೊತ್ತಾ?" ಎಂದು ಸ್ವಲ್ಪ ಹೊತ್ತು ಗೊಣಗಿದರು. ಮಾಡಿದ್ದನ್ನು ಮೀಸೆ ಇರುವ ಬೇರೆ ಯಾರಿಗಾದರೂ ಮಾರುವುದಾಗಿ ಹೇಳಿ ವಾಪಸು ಇಟ್ಟುಕೊಂಡರು. "ಕರ್ಕೊಂಡ್ ಬನ್ನಿ ಅವರನ್ನ. ಬೊಚ್ಚು ಬಾಯಿ ಒಬ್ಬೊಬ್ಬರದು ಒಂದೊಂದು ಥರ. ನೋಡ್ದೆ ಮಾಡಿದ್ರೆ ಮತ್ತೆ ಇದೇ ಹಣೆಬರಹ" ಎಂದರು.

ಅತ್ತೆ ಒಪ್ಪಲಿಲ್ಲ. "ಗಂಡಸಿನ ಮುಂದೆ ಬಾಯಿ ತಕ್ಕೊಂಡು ಕೂತ್ಕೋಬೇಕಾ ನಾನು? ಬೇಡ ಬಿಡು, ಇಷ್ಟು ದಿನ ಬದುಕಿದ್ದಾಯ್ತು" ಎಂದುಬಿಟ್ಟರು. ಆ ಕೊನೆಯ ಮಾತು ನನಗೆ ಚುಚ್ಚಿತು. ಅಂದು ಅವರು ಎರಡು ತುತ್ತೂ ತಿನ್ನಲಿಲ್ಲ. ನಾನು ಬಲವಂತ ಮಾಡಲಿಲ್ಲ, ಆದರೆ ಒಳಗೊಳಗೇ ಕುದಿಯುತ್ತಿದ್ದೆ. ಒಂದಷ್ಟು ದಿನ ಕಳೆದ ಮೇಲೆ, ಮಗ ಕಾಫಿ ಕುಡಿಯುತ್ತಿದ್ದಾಗ ಅವರೇ, "ಘಾಟಿ ಸುಬ್ರಹ್ಮಣ್ಯನ್ನ ನೋಡಿ ಬಹಳ ದಿವ್ಸ ಆಯ್ತು. ಇವಳ ಜೊತೆ ಹೋಗ್ಬರ್ತೀನಿ" ಎಂದರು. ನನ್ನ ಕಡೆ ತಿರುಗಲೂ ಇಲ್ಲ. ತಾಯಿಗೆ ಇಷ್ಟು ಚೈತನ್ಯ ಬಂತಲ್ಲ ಎಂದು ಗಂಡನಿಗೆ ಆನಂದ. ಆಟೋದವನಿಗೆ ಅವರೇ ಹೇಳಿದರು.

ದೇವರ ಹೆಸರಲ್ಲಿ ಸುಳ್ಳು ಆಗಬಾರದೆಂದು ಮೊದಲು ಘಾಟಿಗೇ ಹೋದೆವು. ಅತ್ತೆ ಕೈಮುಗಿದು ಬಹಳ ಹೊತ್ತು ನಿಂತರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ. ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ಬಂದು ಲಾಳಿಯವರ ಮನೆಯೊಳಗೆ ಕಾಲಿಟ್ಟಾಗ ಅವರ ಸೆರಗು ಹಣೆಯವರೆಗೆ ಇತ್ತು. ಸ್ಟೂಲಿನ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು.

ಅವರ ನಾಚಿಕೆ ಬಿಡಿಸಿದ್ದು ನೆಲದ ಮೇಲಿನ ಹೊಟ್ಟು. ಮರದ ಪುಡಿ ಮೊಣಕಾಲುದ್ದ ಬಿದ್ದಿತ್ತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು. "ಏನಪ್ಪಾ ಇದು, ಗುಡಿಸೋರಿಲ್ವಾ ನಿಮ್ಮನೇಲಿ?" ಎಂದರು. ಲಾಳಿಯವರು, "ಗುಡಿಸಿದ್ರೆ ನಾಳೆ ಮತ್ತೆ ಬೀಳುತ್ತಲ್ಲ ದೊಡ್ಡಮ್ಮ" ಎಂದರು. "ಹಂಗಂತ ದಿನಾ ಉಣ್ಣಲ್ವಾ ನೀನು?" ಎಂದು ಅತ್ತೆ ಕೇಳಿದರು. ಅಲ್ಲಿಂದ ಇಬ್ಬರಿಗೂ ಮಾತು ಹತ್ತಿತು. ಬೇರೆಯವರ ಮನೆಯ ನೆಲಕ್ಕೂ ಅಂದವಿಲ್ಲ ಎಂದು ತಿಳಿದು ನನಗೂ ಸಮಾಧಾನವಾಯಿತು.

ಲಾಳಿಯವರು ಮೇಣದ ಉಂಡೆಯೊಂದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಅತ್ತೆಗೆ ಕೊಟ್ಟು, ವಸಡಿನಲ್ಲಿ ಒತ್ತಿ ಹಿಡಿಯಲು ಹೇಳಿದರು. ಅತ್ತೆ ಸೆರಗು ಅಡ್ಡ ಹಿಡಿದುಕೊಂಡು ಕಚ್ಚಿದರು. ಆ ಅಚ್ಚು ನೋಡಿಕೊಂಡು ಕೊಂಬಿನ ತುದಿಯನ್ನು ಚಪ್ಪಟೆಯಾಗಿ, ವಸಡು ಕೂರುವ ಕಡೆ ಸಣ್ಣ ತಗ್ಗು ಬರುವ ಹಾಗೆ ಅರದಿಂದ ತೀಡಿದರು. ಗುಂಡಿಗೆ ಹಲಸಿನ ಮರದ, ಅರ್ಧ ಮುಗಿದಿದ್ದ ಚಿಕ್ಕದೊಂದನ್ನು ಆರಿಸಿದರು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ತೂಗಿ, "ಇನ್ನೊಂಚೂರು ತೆಗಿ" ಎಂದರು. "ಗೋಡೆ ತೆಳ್ಳಗಾದ್ರೆ ಕೈ ಸುಡುತ್ತೆ ದೊಡ್ಡಮ್ಮ" ಎಂದರು ಅವರು. "ನನ್ ಕೈಗೆ ಸುಡೋದು ಗೊತ್ತಾಗಲ್ಲ" ಎಂದರು ಅತ್ತೆ. "ಅದಕ್ಕೇ ತೆಗಿಯಲ್ಲ" ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಅತ್ತೆ ಗುಂಡಿಯನ್ನು ಹಾಗೇ ಅವರ ಕೈಗೆ ವಾಪಸು ಕೊಟ್ಟರು. ಅತ್ತೆ ಯಾರಿಗಾದರೂ ಸೋತದ್ದನ್ನು ನೋಡಿ ನನಗೆ ಒಳಗೊಳಗೇ ಹಬ್ಬ.

ಬಿಸಿಲು ಇಳಿಯುವಷ್ಟರಲ್ಲಿ ಪೈಪು ಸಿದ್ಧವಾಯಿತು. ಹೊಂಬಣ್ಣದ ಸಣ್ಣ ಗುಂಡಿ, ಗಿಡ್ಡ ಕೊಳವೆ, ಮೇಲೆ ತೂತಿನ ಹಿತ್ತಾಳೆ ಮುಚ್ಚಳ. ಪುಡಿ ಮಾಡಿದ ಹೊಗೆಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸಿ ನೆರಳಲ್ಲಿ ಒಣಗಿಸಿದ್ದು ಅವರ ಹತ್ತಿರ ಇತ್ತು. ಅದನ್ನು ಸಡಿಲವಾಗಿ ತುಂಬಿ, ಹೊಸ ಪೈಪಿಗೆ ಒಳಗೆ ಕರಿ ಕಟ್ಟುವವರೆಗೂ ಅರ್ಧ ಗುಂಡಿಯೇ ಸಾಕು, ಆತುರಪಟ್ಟು ಎಳೆಯಬಾರದು ಎಂದು ಹೇಳಿ ಕಡ್ಡಿ ಗೀರಿದರು. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಮೆಲ್ಲಗೆ ಎಳೆದರು, ಬಿಟ್ಟರು, ಮತ್ತೆ ಎಳೆದರು. ವಸಡಿನಲ್ಲಿ ಪೈಪು ಕದಲದೆ ಕೂತಿತ್ತು. ಬೆಲ್ಲ ಕಾಯಿಸುವ ಆಲೆಮನೆಯ ವಾಸನೆ ಕೋಣೆಯೆಲ್ಲ ಹರಡಿತು. ಅವರ ಹುಬ್ಬಿನ ನಡುವೆ ಅಷ್ಟು ದಿನದಿಂದ ಇದ್ದ ಗಂಟು ಸಡಿಲವಾಯಿತು.

"ಹೆಂಗಿದೆ ದೊಡ್ಡಮ್ಮ?" ಎಂದು ಅವರು ಹೊಗಳಿಕೆಗೆ ಕಾದು ನಿಂತರು.

ಅತ್ತೆ ನನ್ನ ಕಡೆ ತಿರುಗಿ, "ಹೊಟ್ಟೆ ಹಸೀತಾ ಇದೆ ಕಣೇ" ಎಂದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದರು, ಸಾಂಬಾರು ಎರಡು ಸಲ ಹಾಕಿಸಿಕೊಂಡರು, ಸಾಂಬಾರಿಗೆ ಉಪ್ಪಿಲ್ಲ ಎಂದು ಮಾಣಿಗೆ ಹೇಳಿದರು. ನಾನು ತಿನ್ನುವುದನ್ನು ಬಿಟ್ಟು ಅವರನ್ನೇ ನೋಡುತ್ತಾ ಕೂತಿದ್ದೆ. ಅಷ್ಟು ಸಂತೋಷ ನನಗೆ ಮಕ್ಕಳು ಪಾಸಾದಾಗಲೂ ಆಗಿರಲಿಲ್ಲ.

ಆಮೇಲಿನ ದಿನಗಳು ಬಹಳ ಚೆನ್ನಾಗಿದ್ದವು. ಹೊಗೆಸೊಪ್ಪು ಪುಡಿ ಮಾಡಿ ಬೆಲ್ಲದ ನೀರು ಚಿಮುಕಿಸುವುದು ನನ್ನ ಕೆಲಸವಾಯಿತು. ಗಂಡ ಕೇಳಿದರೆ ದನದ ಔಷಧಿ ಎನ್ನುತ್ತಿದ್ದೆ. ಮಧ್ಯಾಹ್ನ ಅತ್ತೆ ಮುದ್ದೆ ಉಣ್ಣುತ್ತಿದ್ದರು, ಇಡೀ ಮುದ್ದೆ, ಸೊಪ್ಪಿನ ಸಾರಿನಲ್ಲಿ ಅದ್ದಿ. ಆಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನಾನು ಸೊಪ್ಪು ಬಿಡಿಸುತ್ತಿದ್ದೆ, ಅವರು ಪೈಪು ತುಂಬುತ್ತಿದ್ದರು. ಮದುವೆಗೆ ಮುಂಚೆ ಹಲ್ಲುನೋವು ಬಂದಾಗ ಯಾರೋ ಬೀಡಿ ಸೇದಿಸಿದ್ದಂತೆ. "ಹಲ್ಲೆಲ್ಲ ಹೋಯ್ತು, ಬೀಡಿ ಉಳ್ಕೊಂತು" ಎಂದು ನಗುತ್ತಿದ್ದರು. ಒಮ್ಮೆ ನನಗೂ ಒಂದು ದಮ್ಮು ಎಳೆಸಿದರು. ನಾನು ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ ಕೂತಾಗ, "ಹಾರನ್ ಕೆಟ್ಟೋಯ್ತು" ಎಂದರು. ಸೇದಿದ ಮೇಲೆ ಬೂದಿ ಕೊಡವಿ, ಕೋಳಿ ಪುಕ್ಕದಿಂದ ಕೊಳವೆ ಶುದ್ಧ ಮಾಡಿ, ಎಣ್ಣೆ ಕೈಯಲ್ಲಿ ಗುಂಡಿಯನ್ನು ಸವರುವುದು ಅವರಿಗೆ ಸೇದುವುದಕ್ಕಿಂತ ಇಷ್ಟ. ಹಲಸಿನ ಹೊಂಬಣ್ಣ ದಿನೇ ದಿನೇ ಕೆಂಪಗೆ ತಿರುಗುತ್ತಿತ್ತು. ಅಡುಗೆಯಲ್ಲಿ ಅವರು ಮತ್ತೆ ತಪ್ಪು ಹುಡುಕಲು ಶುರು ಮಾಡಿದರು.

ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು, ಗಂಡ ಬೇಗ ಬಂದರು. ಬೂಸಾ ಮೂಟೆ ಇಳಿಸಲೆಂದು ಬೈಕನ್ನು ನೇರ ಹಿತ್ತಲಿಗೇ ತಂದರು. ಕೊಳವೆಯಲ್ಲಿ ಏನೋ ಸಿಕ್ಕಿಕೊಂಡಿದೆ ನೋಡು ಎಂದು ಅತ್ತೆ ಆಗತಾನೇ ಪೈಪನ್ನು ನನ್ನ ಕೈಗೆ ಕೊಟ್ಟಿದ್ದರು. ಮುಚ್ಚಳದ ತೂತುಗಳಿಂದ ಹೊಗೆ ಏಳುತ್ತಿತ್ತು. ಗಂಡ ಮೂಟೆ ಹೊತ್ತೇ ನಿಂತರು, ನನ್ನ ಕೈ ನೋಡಿದರು, ಉಳಿದ ಅರ್ಧ ಮೆದೆ ನೋಡಿದರು. ಮೂಟೆ ಕೆಳಗೆ ಬಿತ್ತು.

"ಏನೇ ಇದು? ಅಷ್ಟು ಹೇಳಿದ್ರೂ ಕಿವಿಗೆ ಬೀಳಲಿಲ್ವಾ ನಿಂಗೆ? ಇರೋ ಹುಲ್ಲೂ ಸುಡ್ಬೇಕಾ? ಯಾರು ತಂದಿದ್ದು ಇದನ್ನ ಮನೆಗೆ?"

ಬೈಗುಳವೆಲ್ಲ ನನಗೆ. ಪಕ್ಕದಲ್ಲೇ ಕೂತಿದ್ದ ತಾಯಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ನೋಡಬಾರದು ಎಂದೇ ನೋಡಲಿಲ್ಲ. ನನಗೂ ದಾರಿ ಅಲ್ಲೇ ಕಾಣಿಸಿತು. ನಂದೇ ಎಂದರೆ ಮುಗಿಯಿತು. ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ, ಪೈಪನ್ನು ಒಲೆಗೆ ಹಾಕುತ್ತಾರೆ, ಅತ್ತೆಯ ಮರ್ಯಾದೆ ಉಳಿಯುತ್ತದೆ. ಆದರೆ ಪೈಪು ಹೋದರೆ ಮುದ್ದೆಯೂ ಹೋಗುತ್ತದೆ.

"ಕೊಡು ಇಲ್ಲಿ" ಎಂದರು ಅತ್ತೆ. ನನ್ನ ಕೈಯಿಂದ ಪೈಪು ತೆಗೆದುಕೊಂಡರು. "ಅವಳನ್ನ ಏನೂ ಅನ್ಬೇಡ. ಇದು ನಂದು ಕಣೋ. ನಾನು ಸೇದ್ತೀನಿ. ನೀನು ಹುಟ್ಟೋಕ್ ಮುಂಚಿಂದ ಸೇದ್ತಾ ಇದೀನಿ. ಮೆದೆ ಸುಟ್ಟಿದ್ದೂ ನಾನೇ."

ಹಿತ್ತಲಲ್ಲಿ ದನ ಮೆಲುಕು ಹಾಕುವುದು ಕೇಳಿಸುತ್ತಿತ್ತು. ಐವತ್ತು ದಾಟಿದ ಮಗನ ಮುಂದೆ ಆ ಹೆಂಗಸು ತಲೆ ತಗ್ಗಿಸಿ, ಪೈಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇನ್ನೊಬ್ಬರ ಮುಂದೆ ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ಅವರು ಇಡೀ ಆಯುಷ್ಯ ಕಾಪಾಡಿಕೊಂಡು ಬಂದದ್ದನ್ನು ನನಗೋಸ್ಕರ ಬಿಟ್ಟುಕೊಟ್ಟಿದ್ದರು. ನನಗೆ ಅಳು ಒತ್ತರಿಸಿಕೊಂಡು ಬಂತು.

ಗಂಡ ಬಂದು ಕಟ್ಟೆಯ ಮೇಲೆ ತಾಯಿಯ ಪಕ್ಕ ಕೂತರು. ಪೈಪು ತೆಗೆದುಕೊಂಡು ಮುಚ್ಚಳ ಒತ್ತಿ ನೋಡಿದರು. ತಲೆಕೆಳಗು ಮಾಡಿ ಅಲ್ಲಾಡಿಸಿದರು. ಏನೂ ಬೀಳಲಿಲ್ಲ. ಮತ್ತೊಮ್ಮೆ ಜೋರಾಗಿ ಅಲ್ಲಾಡಿಸಿದರು. ಆಗಲೂ ಒಂದು ಕಿಡಿಯೂ ಬೀಳಲಿಲ್ಲ.

"ಉಂಡ್ಯೇನವ್ವ?" ಎಂದು ಕೇಳಿದರು.

"ಉಂಡೆ."

"ಎಷ್ಟು?"

"ಇಡೀ ಮುದ್ದೆ."

ಗಂಡ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಪೈಪನ್ನು ತಾಯಿಯ ಅಂಗೈಯಲ್ಲಿಟ್ಟು, ಆ ಸ್ಪರ್ಶವಿಲ್ಲದ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು.

"ಆರಿಹೋಗುತ್ತೆ, ಸೇದವ್ವ" ಎಂದರು.